ಕೈರೊದ ದನಿಯಲ್ಲಿ ಯುರೋಪಿನ ಕನಸು

'ನೂರ್' ಎಂಬ ಪದವನ್ನು ನಮ್ಮ ಓದುಗರಲ್ಲಿ ಹಲವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ನೂರ್‌ಜಹಾನ್, ನೂರುಲ್ಲಾ, ನೂರುನ್ನೀಸಾ ಎಂಬ ಹೆಸರುಗಳಿವೆ. ಕುರ್‌ಆನಿನ 24ನೇ ಅಧ್ಯಾಯದ ಹೆಸರು 'ಅನ್ನೂರ್'. ಬೆಳಕು ಎಂದರ್ಥ. ಈಜಿಪ್ಟಿನ ಗಾಯಕಿ ಫಾತ್ಮಾ ಸಯೀದ್ ತಮ್ಮ ಮೊದಲ ಏಕವ್ಯಕ್ತಿ ಆಲ್ಬಮ್‌ಗೆ ಇಟ್ಟ ಹೆಸರೂ ಇದೇ: 'ಎಲ್ ನೂರ್'. ವಾರ್ನರ್ ಕ್ಲಾಸಿಕ್ಸ್ ಸಂಸ್ಥೆ ಅದನ್ನು ಹೊರತಂದದ್ದು 2020ರ ಅಕ್ಟೋಬರಿನಲ್ಲಿ. ಕೊರೊನಾದಿಂದಾಗಿ ಸಂಗೀತ ಸಭೆಗಳು ಬಾಗಿಲು ಹಾಕಿಕೊಂಡಿದ್ದ ವರ್ಷವದು. ಮರುವರ್ಷ ಇಂಗ್ಲೆಂಡಿನ 'ಗ್ರಾಮಫೋನ್' ಪತ್ರಿಕೆ ಇದಕ್ಕೆ ಹಾಡಿನ ವಿಭಾಗದ ಪ್ರಶಸ್ತಿ ಕೊಟ್ಟಿತು. ವರ್ಷದ ಯುವ ಕಲಾವಿದೆ ಎಂಬ ಮನ್ನಣೆಯೂ ಫಾತ್ಮಾ ಅವರಿಗೇ ಸಂದಿತು.

ಬಂದು ವರ್ಷಗಳಾದ ಆಲ್ಬಮ್ ಕುರಿತು ಈಗ ಬರೆಯಲು ಒಂದು ಕಾರಣವಿದೆ. ಫ್ರೆಂಚ್, ಸ್ಪಾನಿಶ್, ಅರಬಿ ಮೂರೂ ಭಾಷೆಗಳ ಹಾಡುಗಳಿರುವ ಇದನ್ನು ಮೆಚ್ಚಿಕೊಂಡವರು ಹೆಚ್ಚಾಗಿ ಒಂದೇ ಮಾತು ಹೇಳಿದರು: ಇದು ಪೂರ್ವ ಪಶ್ಚಿಮಗಳ ನಡುವಿನ ಸೇತುವೆ. ಮಾತು ಸುಳ್ಳಲ್ಲ. ಆದರೆ ಸೇತುವೆ ಎಂದವರು ಅದರ ಮೇಲೆ ದಾಟಿ ಮುಂದಕ್ಕೆ ಹೋಗಿಬಿಡುತ್ತಾರೆ. ಮುಸ್ಲಿಂ ಹೆಣ್ಣೊಬ್ಬಳು ಹಾಡಿದಾಗ ಹಾಡನ್ನು ಬಿಟ್ಟು ಉಳಿದೆಲ್ಲವನ್ನೂ ಚರ್ಚಿಸುವುದು ನಮಗೆ ರೂಢಿಯಾಗಿದೆ.

ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ. 2017ರಲ್ಲಿ ಕನ್ನಡದ ಟಿ.ವಿ. ಸ್ಪರ್ಧೆಯೊಂದರಲ್ಲಿ ಹಿಜಾಬ್ ಧರಿಸಿದ ಯುವತಿಯೊಬ್ಬಳು ಹಿಂದೂ ಭಕ್ತಿಗೀತೆಯೊಂದನ್ನು ಹಾಡಿದಳು. ಆಕೆ ಧರ್ಮಕ್ಕೆ ಕಳಂಕ ತಂದಳೆಂದು ಕೆಲವರು ಜಾಲತಾಣಗಳಲ್ಲಿ ಹೀನಾಯವಾಗಿ ಬೈದರು. ಇನ್ನು ಕೆಲವರು ಆಕೆಯನ್ನು ಕೋಮುಸೌಹಾರ್ದದ ಗೊಂಬೆಯನ್ನಾಗಿ ಮಾಡಿ ಮೆರವಣಿಗೆ ಹೊರಡಿಸಿದರು. ಬೈದವರಿಗಿಂತ ಹೊಗಳಿದವರು ಎಷ್ಟೋ ಮೇಲು, ಅನುಮಾನವಿಲ್ಲ. ಆದರೆ ಆಕೆಯ ಶ್ರುತಿ ಹೇಗಿತ್ತು, ಉಸಿರು ಎಲ್ಲಿ ನಿಲ್ಲುತ್ತಿತ್ತು, ಇನ್ನೂ ಏನು ಕಲಿತರೆ ಒಳ್ಳೆಯದು ಎಂದು ಕೇಳಿದವರು ಕಡಿಮೆ. ಹಾಡುಗಾರ್ತಿಗೆ ಸಲ್ಲಬೇಕಾದ ಮೊದಲ ಗೌರವ ಅದು. ಫಾತ್ಮಾ ಸಯೀದರ ಆಲ್ಬಮನ್ನು ಆ ಗೌರವದಿಂದ ಕೇಳುವುದು ಸಾಧ್ಯವೇ ಎಂಬುದು ಈ ಬರಹದ ಪ್ರಶ್ನೆ.

ಮೊದಲು ಪರಿಚಯದ ಎರಡು ಮಾತು. ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ 'ಆರ್ಟ್ ಸಾಂಗ್' ಎಂಬ ಪ್ರಕಾರವಿದೆ. ಕವಿಯೊಬ್ಬ ಬರೆದ ಕವಿತೆಗೆ ಸಂಗೀತಗಾರನೊಬ್ಬ ಸ್ವರ ಹಾಕುತ್ತಾನೆ. ಸಾಮಾನ್ಯವಾಗಿ ಒಂದೇ ಕಂಠ, ಒಂದು ಪಿಯಾನೊ. ನಮ್ಮ ಭಾವಗೀತೆಗೆ ಇದು ಹತ್ತಿರದ ನಂಟು. ಒಂದು ವ್ಯತ್ಯಾಸವುಂಟು: ಅಲ್ಲಿ ಪಿಯಾನೊ ನುಡಿಸಬೇಕಾದ ಒಂದೊಂದು ಸ್ವರವನ್ನೂ ಸಂಗೀತಗಾರ ಬರೆದಿಟ್ಟಿರುತ್ತಾನೆ. ಹಾಡುವವರು ತಮ್ಮ ಮನೋಧರ್ಮಕ್ಕೆ ತಕ್ಕಂತೆ ಅದನ್ನು ಬೆಳೆಸುವಂತಿಲ್ಲ. ಸೊಪ್ರಾನೊ ಎಂದರೆ ಹೆಣ್ಣು ಕಂಠಗಳಲ್ಲಿ ಅತಿ ಎತ್ತರದ್ದು. ಮೈಕಿನ ಹಂಗಿಲ್ಲದೆ, ಹತ್ತಾರು ವಾದ್ಯಗಳ ನಾದವನ್ನು ದಾಟಿ, ಸಭೆಯ ಕೊನೆಯ ಸಾಲಿಗೆ ತಲುಪುವಂತೆ ಅದನ್ನು ವರ್ಷಗಟ್ಟಲೆ ಪಳಗಿಸುತ್ತಾರೆ.

ಕೈರೊದ ಹುಡುಗಿ ಇಂಥ ಕಲಿಕೆಗೆ ಬಂದದ್ದು ಹೇಗೆ? ಒಪೆರಾ ಈಜಿಪ್ಟಿಗೆ ಹೊಸದಲ್ಲ. ಸುಯೆಜ್ ಕಾಲುವೆ ತೆರೆದ 1869ರಲ್ಲೇ ದೊರೆ ಇಸ್ಮಾಯಿಲ್ ಕೈರೊದಲ್ಲಿ ಒಪೆರಾ ಮಂದಿರ ಕಟ್ಟಿಸಿದ. ವೆರ್ಡಿಯ 'ಐದಾ' 1871ರಲ್ಲಿ ಮೊದಲು ರಂಗವೇರಿದ್ದು ಅಲ್ಲಿ. ಪ್ರಾಚೀನ ಈಜಿಪ್ಟಿನ ಕತೆ, ಇಟಲಿಯವನ ಸಂಗೀತ, ಯುರೋಪನ್ನು ಮೆಚ್ಚಿಸಬೇಕೆಂಬ ದೊರೆಯ ಹಂಬಲ. ಎಡ್ವರ್ಡ್ ಸೈದ್ 1993ರ ತಮ್ಮ ಪುಸ್ತಕದಲ್ಲಿ ಇದನ್ನು ಸಾಮ್ರಾಜ್ಯಶಾಹಿಯ ಕಲೆಯೆಂದು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಆ ಮಂದಿರ 1971ರಲ್ಲಿ ಸುಟ್ಟುಹೋಯಿತು. ಜಪಾನಿನ ನೆರವಿನಿಂದ 1988ರಲ್ಲಿ ಹೊಸದು ಎದ್ದಿತು. ಫಾತ್ಮಾ ಹುಟ್ಟಿದ್ದು ಅದಾದ ಮೂರು ವರ್ಷಕ್ಕೆ, 1991ರಲ್ಲಿ. ಕೈರೊದಲ್ಲಿ ಅವರಿಗೆ ಕಲಿಸಿದವರು ನೆವೀನ್ ಅಲ್ಲೂಬಾ, ಈಜಿಪ್ಟಿನವರೇ ಆದ ಸೊಪ್ರಾನೊ. ಮುಂದೆ 2009ರಲ್ಲಿ ಬರ್ಲಿನ್ನಿನ ಹಾನ್ಸ್ ಐಸ್ಲರ್ ಸಂಗೀತ ಶಾಲೆ, ಆಮೇಲೆ ಮಿಲಾನಿನ ಲಾ ಸ್ಕಾಲಾ. ಅಲ್ಲಿ 2016ರಲ್ಲಿ ಮೊಟ್ಸಾರ್ಟನ 'ಮಾಯಾ ಕೊಳಲು' ಒಪೆರಾದ ಪಮೀನಾ ಪಾತ್ರ. ಲಾ ಸ್ಕಾಲಾದಲ್ಲಿ ಹಾಡಿದ ಮೊದಲ ಈಜಿಪ್ಟಿನ ಸೊಪ್ರಾನೊ ಎಂದು ಅವರನ್ನು ಗುರುತಿಸುತ್ತಾರೆ. ಹೀಗಾಗಿ ಮೊದಲ ಆಲ್ಬಮ್‌ಗೆ ಮೊಟ್ಸಾರ್ಟನನ್ನೋ ಶೂಬರ್ಟನನ್ನೋ ಆರಿಸಿಕೊಂಡಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಬೇರೆ ದಾರಿ ಹಿಡಿದರು.

ಫ್ರೆಂಚ್ ಹಾಡುಗಳಿಂದ ಶುರುಮಾಡೋಣ. ಅವುಗಳಲ್ಲಿ ಮುಖ್ಯವಾದದ್ದು ರವೆಲ್ 1903ರಲ್ಲಿ ರಚಿಸಿದ 'ಶೆಹರಜಾದೆ' ಎಂಬ ಮೂರು ಹಾಡುಗಳ ಗುಚ್ಛ. ಕವಿತೆಗಳು ತ್ರಿಸ್ತಾನ್ ಕ್ಲಿಂಗ್ಸರನವು. ಇದು ಅವನ ನಿಜವಾದ ಹೆಸರಲ್ಲ, ವಾಗ್ನರನ ಒಪೆರಾಗಳಿಂದ ಎತ್ತಿಕೊಂಡ ಕಾವ್ಯನಾಮ. ಮೊದಲ ಹಾಡು 'ಏಷ್ಯಾ'. ಅದರ ತುಂಬ ನೋಡಬೇಕೆಂಬ ಆಸೆಗಳ ಪಟ್ಟಿ: ಮುಂಡಾಸಿನವರು, ವಜೀರರು, ವ್ಯಾಪಾರಿಗಳು, ಪರ್ಶಿಯಾ, ಇಂಡಿಯಾ, ಚೀನಾ. ನಿರಪರಾಧಿಯ ಕೊರಳನ್ನು ಬಾಗಿದ ಕತ್ತಿಯಿಂದ ಕತ್ತರಿಸುವ ತಲೆಕಡುಕನನ್ನೂ ನೋಡಬೇಕಂತೆ. ಕೊನೆಗೆ ಊರಿಗೆ ಮರಳಿ, ಹಳೆಯ ಅರಬ್ ಬಟ್ಟಲನ್ನು ತುಟಿಗೆತ್ತುತ್ತ, ಕುತೂಹಲದಿಂದ ಕೂತವರಿಗೆ ಕತೆ ಹೇಳುವ ಆಸೆ. ನಾವೂ ನೀವೂ ಆ ಪಟ್ಟಿಯಲ್ಲಿದ್ದೇವೆ ಎಂಬುದನ್ನು ಮರೆಯಬಾರದು. ಪ್ಯಾರಿಸ್ಸಿನ ಕೋಣೆಯೊಂದರಲ್ಲಿ ಕೂತು ಕಂಡ ಕನಸಿನಲ್ಲಿ ಕೈರೊ, ಬಾಗ್ದಾದ್, ನಮ್ಮ ದೇಶ ಎಲ್ಲವೂ ಒಂದೇ ಬಣ್ಣದ ಪರದೆ.

ಬಿಜೆಯ 'ಅರಬ್ ಆತಿಥೇಯಳ ವಿದಾಯ' ಎಂಬ 1866ರ ಹಾಡೂ ಇದೇ ಬಗೆಯದು. ಕವಿತೆ ವಿಕ್ಟರ್ ಹ್ಯೂಗೋನ 1829ರ ಸಂಕಲನದ್ದು. ಪೂರ್ವ ದೇಶಗಳಿಗೆ ಕಾಲಿಡದೆಯೇ ಹ್ಯೂಗೋ ಆ ಸಂಕಲನವನ್ನು ಬರೆದ. ಚೆಲುವ ಬಿಳಿಯ ಪಯಣಿಗ ಹೊರಟುನಿಂತಿದ್ದಾನೆ, ಅರಬ್ ಹೆಣ್ಣು ಅವನನ್ನು ಉಳಿಯೆಂದು ಬೇಡುತ್ತಿದ್ದಾಳೆ. ನಮ್ಮ ಹೆಣ್ಣುಮಕ್ಕಳನ್ನು ವಸಾಹತುಶಾಹಿ ಯುರೋಪು ಹೇಗೆ ಕಲ್ಪಿಸಿಕೊಂಡಿತೆಂದು ತಿಳಿಯಲು ಈ ಒಂದು ಹಾಡು ಸಾಕು. ಅವಳಿಗೆ ಮನೆಯಿದೆ, ಮೈಯಿದೆ, ಕಣ್ಣೀರಿದೆ. ಹೆಸರಿಲ್ಲ.

ಈಗ ಈ ಹಾಡುಗಳನ್ನು ಅರಬ್ ಹೆಣ್ಣೇ ಹಾಡುತ್ತಿದ್ದಾಳೆ. ಏನಾಗುತ್ತದೆ? ಅಣಕವನ್ನೋ ಸಿಟ್ಟನ್ನೋ ನಿರೀಕ್ಷಿಸಿ ಕೂತವರಿಗೆ ಎರಡೂ ಸಿಗುವುದಿಲ್ಲ. ಫಾತ್ಮಾ ರವೆಲ್ಲನ ಸ್ವರಗಳಿಗೆ ನಿಷ್ಠರಾಗಿದ್ದಾರೆ. ಮಾಲ್ಕಮ್ ಮಾರ್ಟಿನೋ ಅವರ ಪಿಯಾನೊ ಅಲೆಯಂತೆ ಏರುವಲ್ಲಿ ಅವರ ದನಿಯೂ ಅಬ್ಬರವಿಲ್ಲದೆ ಏರುತ್ತದೆ. ನಾವು ಕೇಳಿದಂತೆ, ತಲೆಕಡುಕನ ಸಾಲು ಬಂದಾಗ ಅವರು ಭೀಕರತೆಯನ್ನು ಚಪ್ಪರಿಸುವುದಿಲ್ಲ. ಮಗುವೊಂದು ಚಿತ್ರಪುಸ್ತಕದ ಹಾಳೆ ತಿರುವಿದ ಹಾಗೆ ಆ ಚಿತ್ರ ಬಂದು ಹೋಗುತ್ತದೆ. ಕನಸನ್ನು ಕನಸೆಂದೇ ಹಾಡಿದರೆ ಅದರ ಚೆಲುವೂ ಕಾಣುತ್ತದೆ, ಅದು ಎಷ್ಟು ಬಾಲಿಶವೆಂಬುದೂ ಕಾಣುತ್ತದೆ. ಬಿಜೆಯ ಹಾಡಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸ್ವರ ಬಳುಕುವ ಕಡೆಗಳಲ್ಲಿ ಅನೇಕ ಗಾಯಕಿಯರು ಮಾದಕತೆಯನ್ನು ತುಂಬುತ್ತಾರೆ. ಇಲ್ಲಿ ಕೇಳುವುದು ಬೀಳ್ಕೊಡುವವಳ ದುಃಖ. ಬೇಡುವ ಹೆಣ್ಣಿಗೆ ಫಾತ್ಮಾ ಸ್ವಾಭಿಮಾನ ಕೊಟ್ಟಿದ್ದಾರೆ. ಸ್ವರವೊಂದನ್ನೂ ಬದಲಿಸದೆ ಇಷ್ಟನ್ನು ಮಾಡಿರುವುದು ದೊಡ್ಡ ಗಾಯಕಿಯ ಕೆಲಸ.

ರವೆಲ್ಲನ ಎರಡನೆಯ ಹಾಡಿನಲ್ಲಿ ಮಾತ್ರ ಅವರು ಒಂದು ಬದಲಾವಣೆ ಮಾಡಿದ್ದಾರೆ. ಒಡೆಯ ಮಲಗಿದ್ದಾನೆ. ಒಳಗಿರುವ ಹೆಣ್ಣಿಗೆ ಹೊರಗಿನಿಂದ ಪ್ರಿಯಕರನ ಕೊಳಲು ಕೇಳುತ್ತಿದೆ. ಮೂಲದಲ್ಲಿ ಇದು ಯುರೋಪಿನ ವಾದ್ಯವೃಂದದ ಕೊಳಲು. ಇಲ್ಲಿ ಅದರ ಜಾಗಕ್ಕೆ ಟರ್ಕಿಯ ಬುರ್ಜು ಕರಾದಾ ನುಡಿಸಿದ 'ನೇಯ್' ಬಂದಿದೆ. ನೇಯ್ ಎಂದರೆ ಜೊಂಡಿನ ಕೊಳಲು. ಮೌಲಾನಾ ರೂಮಿಯ 'ಮಸ್ನವಿ' ಆರಂಭವಾಗುವುದೇ ಜೊಂಡಿನ ಹಾಸಿನಿಂದ ಅಗಲಿದ ಈ ಕೊಳಲಿನ ಅಳಲಿನಿಂದ. ಮೆವ್ಲೆವಿ ಸೂಫಿಗಳ ಸಮಾದಲ್ಲಿ ಅದಕ್ಕೆ ಮುಖ್ಯ ಸ್ಥಾನವಿದೆ. ನೇಯ್ ಉಸಿರನ್ನು ಮುಚ್ಚಿಡುವುದಿಲ್ಲ, ನಾದದ ಜತೆಗೆ ಗಾಳಿಯೂ ಕೇಳಿಸುತ್ತದೆ. ಶತಮಾನದ ಹಿಂದೆ ರವೆಲ್ ಊಹಿಸಿಕೊಂಡ ಪೂರ್ವದ ಕೊಳಲಿನ ಜಾಗದಲ್ಲಿ ಪೂರ್ವದ್ದೇ ಆದ ಕೊಳಲು ಬಂದು ಕೂತಿದೆ. ಆದರೂ ಹಾಡು ಕೆಡಲಿಲ್ಲ. ರವೆಲ್ಲನ ಕಲ್ಪನೆಯಲ್ಲಿ ಪೊಳ್ಳಿನ ಜತೆಗೆ ನಿಜವಾದ ಕಿವಿಯೂ ಇತ್ತೆಂದು ಅದು ತೋರಿಸಿಕೊಟ್ಟಿತು. ಪೌರ್ವಾತ್ಯವಾದವನ್ನು ಟೀಕಿಸುವ ನಮ್ಮಂಥವರು ಈ ಎರಡನೆಯ ಮಾತನ್ನೂ ಒಪ್ಪಬೇಕು.

ಸ್ಪೇನಿನ ಹಾಡುಗಳು ಇಲ್ಲಿ ಏಕಿವೆ ಎಂದು ಕೆಲವರಿಗೆ ಅನಿಸೀತು. ಸುಮಾರು ಎಂಟು ಶತಮಾನ ಆ ನೆಲದ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಂ ಆಳ್ವಿಕೆಯಿತ್ತು. ಗ್ರನಾಡಾ 1492ರಲ್ಲಿ ಬಿತ್ತು. ಮತಾಂತರಗೊಂಡು ಉಳಿದಿದ್ದ ಮೊರಿಸ್ಕೊಗಳನ್ನೂ 1609ರಿಂದ 1614ರವರೆಗೆ ಹೊರದಬ್ಬಿದರು. ಜನರನ್ನು ಹೊರದಬ್ಬಿದರೂ ಮಾತು ಹೊರಹೋಗಲಿಲ್ಲ. ಸಕ್ಕರೆ, ಎಣ್ಣೆ, ತಲೆದಿಂಬುಗಳಿಗೆ ಸ್ಪಾನಿಶರು ಇಂದಿಗೂ ಬಳಸುವ ಪದಗಳು ಅರಬಿಯಿಂದ ಬಂದವು. 'ಹಾಗಾಗಲಿ' ಎಂದು ಹಾರೈಸುವ ಅವರ 'ಒಹಲಾ'ದಲ್ಲಿ ಅಲ್ಲಾಹನ ಹೆಸರು ಅಡಗಿದೆ. ಅರ್ಜಿ, ವಕೀಲ, ತಕರಾರು ಎನ್ನದೆ ನಮ್ಮ ಕೋರ್ಟುಗಳ ಕೆಲಸ ಸಾಗದಿರುವ ಹಾಗೆ.

ಹಾಡಿನಲ್ಲೂ ಈ ಕೊಡುಕೊಳೆಯಿದೆ. 1922ರ ಜೂನಿನಲ್ಲಿ ಸಂಗೀತಗಾರ ಮನುವೆಲ್ ದ ಫಾಲ್ಯಾ, ಕವಿ ಲೋರ್ಕಾ ಮತ್ತು ಗೆಳೆಯರು ಗ್ರನಾಡಾದ ಅಲ್‌ಹಂಬ್ರಾದಲ್ಲಿ ಜನಪದ ಗಾಯನದ ಸ್ಪರ್ಧೆ ನಡೆಸಿದರು. ವಯಸ್ಕ ವೃತ್ತಿಗಾಯಕರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಆ ಗಾಯನದಲ್ಲಿ ಮೂರರ ಹಾಗೂ ಜಿಪ್ಸಿಗಳ ಪಾಲಿದೆ ಎಂದು ಫಾಲ್ಯಾ ಆಗಲೇ ಬರೆದ. ಲೋರ್ಕಾ ಹಳೆಯ ಹಾಡುಗಳನ್ನು ಕಲೆಹಾಕಿ, 1931ರಲ್ಲಿ ಗಾಯಕಿ ಲಾ ಅರ್ಹೆಂತಿನಿತಾಳ ಜತೆ ತಾನೇ ಪಿಯಾನೊ ನುಡಿಸಿ ರೆಕಾರ್ಡು ಮಾಡಿದ. ಐದು ವರ್ಷದ ನಂತರ ಫ್ಯಾಸಿಸ್ಟರ ಗುಂಡಿಗೆ ಬಲಿಯಾದ. ಆಲ್ಬಮಿನಲ್ಲಿ ಫಾಲ್ಯಾ ಇದ್ದಾನೆ, ಲೋರ್ಕಾ ಇದ್ದಾನೆ. ಗ್ರನಾಡಾವನ್ನೇ ತನ್ನ ಊರೆಂದು ಕೊಂಡಾಡುವ ಹುಡುಗಿಯ ಕುರಿತು ಬೆರ್ಲಿಯೋಜ್ 1845ರಲ್ಲಿ ಬರೆದ 'ಜೈದ್' ಕೂಡ ಇದೆ. ಸ್ಪೇನಿನ ಹಾಡುಗಳಿಗೆ ರಾಫೆಲ್ ಅಗಿರ್ರೆಯವರ ಗಿಟಾರ್ ಸೇರಿದಾಗ ಫಾತ್ಮಾರ ದನಿ ಹಗುರಾಗುತ್ತದೆ. ಒಪೆರಾದ ರೇಷ್ಮೆಯನ್ನು ಮಡಿಚಿಟ್ಟು ಅಂಗಳಕ್ಕಿಳಿದ ಹಾಗಿದೆ. ಆಲ್ಬಮಿನ ಅತ್ಯಂತ ನಿರಾಯಾಸ ಗಾಯನ ಇಲ್ಲಿಯದು ಎಂದು ನಮ್ಮ ಎಣಿಕೆ.

ಇನ್ನು ಅರಬಿ ಹಾಡುಗಳು. ಇವುಗಳಲ್ಲಿ ಒಂದು ಗಮಾಲ್ ಅಬ್ದುಲ್ ರಹೀಮರದ್ದು. ಜರ್ಮನಿಯಲ್ಲಿ ಕಲಿತು ಬಂದು, ಈಜಿಪ್ಟಿನ ಲಯಗಳನ್ನೂ ಮಖಾಮ್‌ಗಳನ್ನೂ ಯುರೋಪಿನ ರಚನಾಕ್ರಮಕ್ಕೆ ಬೆಸೆದವರು ಅವರು. ಇನ್ನೊಂದು 'ಯಮಾಮಾ ಬೇದಾ', ಅಂದರೆ ಬಿಳಿ ಪಾರಿವಾಳ. ಈಜಿಪ್ಟಿನಲ್ಲಿ ಇದು ಜನಪದ ಹಾಡೆಂಬಷ್ಟು ಬಳಕೆಯಲ್ಲಿದೆ. ಆದರೆ ಅದಕ್ಕೆ ಸ್ವರ ಹಾಕಿದವರೆಂದು ಹೆಸರಿಸುವುದು ದಾವೂದ್ ಹೊಸ್ನಿಯವರನ್ನು. ಅವರು 1937ರಲ್ಲಿ ತೀರಿಕೊಂಡ ಕೈರೊದ ಯಹೂದಿ. ಶಿಶುನಾಳ ಶರೀಫರ ಪದಗಳನ್ನು ಯಾರು ಬರೆದರೆಂದು ತಿಳಿಯದೆಯೇ ಹೊಲಗದ್ದೆಗಳಲ್ಲಿ ಹಾಡಿದ ನಮ್ಮ ಜನರಿಗೆ ಇದು ಅಚ್ಚರಿಯಲ್ಲ. ಹಾಡು ಜನರ ಬಾಯಿಗೆ ಸಿಕ್ಕ ಮೇಲೆ ಕವಿಯ ಜಾತಿ ಮತಗಳನ್ನು ಯಾರೂ ವಿಚಾರಿಸುವುದಿಲ್ಲ. ಇಸ್ರೇಲ್ ಹುಟ್ಟಿದ 1948ರ ನಂತರ, ಅದರಲ್ಲೂ 1956ರ ಸುಯೆಜ್ ಯುದ್ಧದ ನಂತರ ಈಜಿಪ್ಟಿನ ಯಹೂದಿಗಳು ಬಹುಪಾಲು ದೇಶ ಬಿಟ್ಟುಹೋಗಬೇಕಾಯಿತು. ಅವರ ಹಾಡು ಹೋಗಲಿಲ್ಲ. ಮೊರಿಸ್ಕೊಗಳಿಗಾಗಿ ಮರುಗುವ ನಾವು ಈ ನಿರ್ಗಮನವನ್ನೂ ಅದೇ ಉಸಿರಿನಲ್ಲಿ ನೆನೆಯಬೇಕು.

ಮೂರನೆಯದು ಖಲೀಲ್ ಗಿಬ್ರಾನನ ಕವಿತೆ. 'ಪ್ರವಾದಿ'ಯ ಮೂಲಕ ಕನ್ನಡಿಗರಿಗೆ ಆತ್ಮೀಯನಾದ ಈ ಲೆಬನಾನಿನ ಕ್ರೈಸ್ತ ಕವಿ 1919ರಲ್ಲಿ ಅರಬಿಯಲ್ಲಿ ಒಂದು ದೀರ್ಘ ಕವನ ಪ್ರಕಟಿಸಿದ. ಕೊಳಲು ಕೊಡು, ಹಾಡು ಎಂದು ಕೇಳುವ ಅದರ ಭಾಗಕ್ಕೆ ನಜೀಬ್ ಹನ್ಕಶ್ ಸ್ವರ ಹಾಕಿದರು. ಫೈರೂಜ್ ಹಾಡಿ ಅದನ್ನು ಅರಬ್ ಜಗತ್ತಿನ ಮನೆಮನೆಗೂ ತಲುಪಿಸಿದರು. ಆ ಕೊಳಲೂ 'ನಾಯ್', ಅಂದರೆ ರವೆಲ್ಲನ ಹಾಡಿನೊಳಕ್ಕೆ ಬಂದ ಅದೇ ಜೊಂಡು. ಫೈರೂಜರನ್ನು ಕೇಳಿ ಬೆಳೆದ ಕಿವಿಗೆ ಬೇರೆಯವರ ದನಿ ಒಗ್ಗುವುದು ಕಷ್ಟ. ಫಾತ್ಮಾ ಇದನ್ನು ಬಲ್ಲರು. ಒಪೆರಾದ ಕಂಪನವನ್ನು ತಗ್ಗಿಸಿ, ಮಾತಿಗೆ ಹತ್ತಿರವಾಗಿ ಹಾಡುತ್ತಾರೆ. ಅರಬಿಯ 'ಐನ್', 'ಹಾ' ಮುಂತಾದ ಗಂಟಲಿನ ಅಕ್ಷರಗಳನ್ನು ಸೊಪ್ರಾನೊ ತರಬೇತಿಯ ಹೆಸರಿನಲ್ಲಿ ನುಣುಪು ಮಾಡುವುದಿಲ್ಲ. ಕುರ್‌ಆನ್ ಪಠಣ ಕೇಳಿ ಬಲ್ಲ ನಮ್ಮ ಓದುಗರಿಗೆ ಇದರ ಬೆಲೆ ಗೊತ್ತು.

ಇಲ್ಲಿಯೇ ನಮ್ಮ ತಕರಾರೂ ಇದೆ. ಫ್ರೆಂಚ್ ಹಾಡುಗಳನ್ನು ಹಾಡುವಾಗ ರವೆಲ್ ಬರೆದ ಒಂದು ಚುಕ್ಕೆಯನ್ನೂ ಬಿಡದ ಶಿಸ್ತು ಕಾಣುತ್ತದೆ. ಜನಪ್ರಿಯ ಅರಬಿ ಹಾಡುಗಳಿಗೆ ಬಂದಾಗ ಜಾಝ್ ಪಿಯಾನೊ, ತಂತಿವಾದ್ಯಗಳ ಮೆತ್ತೆ ಸೇರಿ ಎಲ್ಲವೂ ಹಿತವಾಗಿಬಿಡುತ್ತದೆ. ಕಾನೂನ್, ನೇಯ್ ಮುಂತಾದ ವಾದ್ಯಗಳು ಆಲ್ಬಮಿನಲ್ಲಿವೆ, ನಿಜ. ಆದರೆ ಹಾಡಿನ ತಳಪಾಯವನ್ನು ಪಿಯಾನೊ ಹಾಕಿದ ಮೇಲೆ ಅವು ಅಲಂಕಾರವಾಗುವ ಅಪಾಯವಿದೆ. ರಾಸ್ತ್, ಬಯಾತಿಯಂಥ ಮಖಾಮ್‌ಗಳ ಕೆಲವು ಸ್ವರಗಳು ಪಿಯಾನೊದ ಕಪ್ಪು ಬಿಳಿ ಕೀಲಿಗಳ ನಡುವೆ ಬೀಳುತ್ತವೆ. ಪಿಯಾನೊ ಅವನ್ನು ನುಡಿಸಲಾರದು.

ಈ ಜಗಳ ಹಳೆಯದು. ಕೈರೊದಲ್ಲಿ 1932ರಲ್ಲಿ ನಡೆದ ಅರಬ್ ಸಂಗೀತ ಸಮ್ಮೇಳನಕ್ಕೆ ಬಾರ್ತೋಕ್, ಹಿಂಡೆಮಿತ್‌ರಂಥವರು ಬಂದಿದ್ದರು. ಅರಬ್ ಸಂಗೀತಕ್ಕೆ ಪಿಯಾನೊ ಬೇಕೇ ಬೇಡವೇ ಎಂದು ಅಲ್ಲಿ ಬಿಸಿ ಚರ್ಚೆಯಾಯಿತು. ನಮ್ಮಲ್ಲಿ ಇದೇ ಜಗಳ ಹಾರ್ಮೋನಿಯಂ ಮೇಲೆ ನಡೆಯಿತು. ಆಕಾಶವಾಣಿ ಅದನ್ನು 1940ರಿಂದ 1971ರವರೆಗೆ ಹತ್ತಿರ ಸೇರಿಸಲಿಲ್ಲ. ಪಿಯಾನೊವನ್ನು ಓಡಿಸಬೇಕೆಂಬ ಶುದ್ಧಿವಾದ ನಮ್ಮದಲ್ಲ. ಹಾರ್ಮೋನಿಯಂ ಇಲ್ಲದ ಕವ್ವಾಲಿಯನ್ನು, ಕಂಪನಿ ನಾಟಕವನ್ನು ನಾವು ಊಹಿಸಲಾರೆವು. ನಮ್ಮ ಪ್ರಶ್ನೆ ಸಮಾನತೆಯದು. ಮಾರ್ಗಕ್ಕೆ ಒಂದು ಶಿಸ್ತು, ದೇಸಿಗೆ ಒಂದು ಸಲಿಗೆ ಎಂದಾದರೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಂತಾಗುವುದಿಲ್ಲ. ಫಾತ್ಮಾರ ಗಂಟಲು ಅರಬಿಗೆ ಕೊಟ್ಟ ಗೌರವವನ್ನು ವಾದ್ಯ ಸಂಯೋಜನೆ ಪೂರ್ತಿಯಾಗಿ ಕೊಟ್ಟಿಲ್ಲ. ಅಬ್ದುಲ್ ರಹೀಮರ ಹಾಡು ಈ ಮಾತಿಗೆ ಅಪವಾದ. ಎರಡು ಸಂಗೀತಗಳು ಅಲ್ಲಿ ಒಂದನ್ನೊಂದು ಎದುರಿಸಿ ನಿಲ್ಲುತ್ತವೆ. ಆ ದಾರಿಯಲ್ಲಿ ಇನ್ನಷ್ಟು ನಡೆಯಬಹುದಿತ್ತು.

ಕೊನೆಯದಾಗಿ, ನಮ್ಮ ಓದುಗರಲ್ಲಿ ಕೆಲವರು ಕೇಳಬಹುದಾದ ಪ್ರಶ್ನೆ: ಹೆಣ್ಣು ಹೀಗೆ ಸಭೆಯಲ್ಲಿ ಹಾಡಬಹುದೇ? ಸಂಗೀತದ ಬಗ್ಗೆ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಹಿಂದಿನಿಂದಲೂ ಇದೆ. ಇಮಾಮ್ ಗಝಾಲಿ (1058-1111) ತಮ್ಮ 'ಇಹ್ಯಾ'ದಲ್ಲಿ ಆಲಿಸುವಿಕೆಗೆಂದೇ ಒಂದು ಭಾಗವನ್ನು ಮೀಸಲಿಟ್ಟು, ಕೇಳುವವನ ಮನಸ್ಸನ್ನೂ ಸಂದರ್ಭವನ್ನೂ ಮುಂದಿಟ್ಟು ಚರ್ಚಿಸಿದ್ದಾರೆ. ಫಾತ್ಮಾರ ನಾಡಿನವರೇ ಆದ ಉಮ್ಮು ಕುಲ್ಸೂಮ್ ಹಳ್ಳಿಯ ಇಮಾಮರ ಮಗಳು. ಕುರ್‌ಆನ್ ಓದಿ ನಾಲಿಗೆ ಪಳಗಿಸಿಕೊಂಡರು. ಹೆಣ್ಣುಮಗಳು ಹಾಡುವುದಕ್ಕೆ ಅಂಜಿದ ತಂದೆ ಬಾಲಕಿಗೆ ಹುಡುಗನ ವೇಷ ತೊಡಿಸಿ ಧಾರ್ಮಿಕ ಗೀತೆಗಳನ್ನು ಹಾಡಿಸಿದರು. ಮುಂದೆ ಆ ವೇಷದ ಅಗತ್ಯ ಬೀಳಲಿಲ್ಲ. ತಿಂಗಳ ಮೊದಲ ಗುರುವಾರದ ರಾತ್ರಿ ರೇಡಿಯೊದಲ್ಲಿ ಅವರ ದನಿ ಬಂದರೆ ಅರಬ್ ಜಗತ್ತು ಕಿವಿಯಾಗುತ್ತಿತ್ತು. ಅವರು 1975ರಲ್ಲಿ ತೀರಿಕೊಂಡಾಗ ಕೈರೊದ ಬೀದಿಗಳಲ್ಲಿ ಲಕ್ಷಾಂತರ ಜನ ಸೇರಿದರು. ಅಲ್ಲಿ ಅತ್ತವರಲ್ಲಿ ನಮಾಜು ಮಾಡುವವರೇ ಹೆಚ್ಚಿದ್ದರು.

ಯಾರಿಗೆ ಬೇಡವೋ ಅವರು ಕೇಳದಿರಲಿ, ಅದು ಅವರ ಆಯ್ಕೆ. ಹಾಡುವವಳನ್ನು ಬೈಯುವ ಹಕ್ಕು ಅದರಿಂದ ಹುಟ್ಟುವುದಿಲ್ಲ. ಹೊಗಳುವವರಿಗೂ ನಮ್ಮದೊಂದು ಮಾತಿದೆ. ಫಾತ್ಮಾ ಇದಾದ ಮೇಲೆ 2022ರಲ್ಲಿ ಇನ್ನೊಂದು ಆಲ್ಬಮ್ ತಂದರು. 2025ರಲ್ಲಿ ಪೂರ್ತಿ ಜರ್ಮನ್ ಹಾಡುಗಳದ್ದನ್ನೇ ತಂದರು. ಅದರಲ್ಲಿ ಪೂರ್ವವೂ ಇಲ್ಲ, ಸೇತುವೆಯೂ ಇಲ್ಲ. ಶೂಬರ್ಟ್, ಶೂಮನ್, ಬ್ರಾಮ್ಸ್ ಇದ್ದಾರೆ. ಮುಸ್ಲಿಂ ಹೆಣ್ಣು ಸದಾ ತನ್ನ ಸಮುದಾಯದ ವಕೀಲಿಕೆ ಮಾಡುತ್ತಲೇ ಇರಬೇಕಿಲ್ಲ. ಅವಳಿಗೆ ಬೇಕಾದ ಹಾಡನ್ನು ಅವಳು ಹಾಡಬಹುದು. 'ಎಲ್ ನೂರ್' ಕೇಳಬೇಕೆನ್ನುವವರು ರವೆಲ್ಲನ ಕೊಳಲಿನ ಹಾಡನ್ನು ಮೊದಲು ಕೇಳಿ, ಅದರ ಬೆನ್ನಿಗೇ ಗಿಬ್ರಾನನ ಹಾಡನ್ನು ಕೇಳಲಿ. ಎರಡನೆಯದರಲ್ಲಿ ವಾದ್ಯಗಳು ತುಸು ಹೆಚ್ಚಾದವೆಂದು ನಮಗನಿಸಿತು. ನಿಮ್ಮ ಕಿವಿ ಬೇರೆ ಹೇಳಿದರೆ ನಮಗೆ ಬರೆಯಿರಿ.